ಶೋಧನೆಯ ಕಾರಣ ಬರೆದಿಟ್ಟ ಕಾಗದ: ಯಾರ ಕೈಗೆ ಸಿಗುತ್ತದೆ, ಯಾವಾಗ ಮುಚ್ಚಿರುತ್ತದೆ

ಪೊಲೀಸರು ಮನೆಯನ್ನೋ ಗೋದಾಮನ್ನೋ ಶೋಧಿಸುವ ಮೊದಲು, ಅಲ್ಲಿ ಇಂಥ ವಸ್ತು ಸಿಗಬಹುದೆಂದು ನಂಬಲು ಕಾರಣವೇನು ಎಂಬುದು ಒಂದು ಕಡೆ ಬರಹದಲ್ಲಿ ಇರಬೇಕು. ಅಮೆರಿಕದಲ್ಲಿ ಈ ಬರಹವನ್ನು ಅಫಿಡವಿಟ್ ಆಗಿ ಪ್ರಮಾಣ ಮಾಡಿ ಸಲ್ಲಿಸುತ್ತಾರೆ. ಅದನ್ನು ಎಷ್ಟು ದಿನ ಮುಚ್ಚಿಡಬಹುದು ಎಂದು ಹೇಳುವ ಪ್ರತ್ಯೇಕ ಕಾನೂನುಗಳೂ ಅಲ್ಲಿನ ಕೆಲವು ರಾಜ್ಯಗಳಲ್ಲಿವೆ. ಭಾರತದ ಕಾನೂನಿನಲ್ಲಿ ಶೋಧನಾ ವಾರಂಟಿಗೆ ಅಫಿಡವಿಟ್ ಕಡ್ಡಾಯವಿಲ್ಲ. ತನಿಖಾಧಿಕಾರಿ ಕೊಡುವ ಕೋರಿಕೆ ಪತ್ರ, ಅಂದರೆ ಠಾಣೆ ಮತ್ತು ಕೋರ್ಟುಗಳಲ್ಲಿ ಎಲ್ಲರೂ ‘ರಿಕ್ವಿಸಿಷನ್’ ಎನ್ನುವ ಕಾಗದ, ಆ ಕೆಲಸ ಮಾಡುತ್ತದೆ. ಅದನ್ನು ಮುಚ್ಚಿಡಲೆಂದೇ ಬರೆದ ಸಾಮಾನ್ಯ ಕಲಂ ಇಲ್ಲ. ಎಲ್ಲೆಲ್ಲಿ ಗೋಪ್ಯತೆ ಇದೆಯೋ ಅಲ್ಲೆಲ್ಲ ಅದು ಬೇರೆ ಬೇರೆ ಕಾಯ್ದೆಗಳಿಂದ ಬಿಡಿಬಿಡಿಯಾಗಿ ಬಂದಿದೆ. ಹೀಗಾಗಿ ಶೋಧನೆಗೆ ಒಳಗಾದವರು ಮೊದಲು ತಿಳಿದುಕೊಳ್ಳಬೇಕಾದದ್ದು, ಬಂದವರು ಯಾವ ಕಾಯ್ದೆಯ ಯಾವ ಕಲಂ ಹಿಡಿದು ಬಂದರು ಎಂಬುದನ್ನು. ಯಾವ ಕಾಗದ ಕೇಳಿದರೆ ಸಿಗುತ್ತದೆ ಎಂಬುದು ಅದರ ಮೇಲೆ ನಿಂತಿದೆ.

ವಾರಂಟ್ ಹಿಡಿದು ಬಂದಾಗ

2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಹಳೆಯ 93ನೇ ಕಲಂ ಈಗ 96 ಆಗಿದೆ. ಸಮನ್ಸ್ ಕಳಿಸಿದರೆ ದಾಖಲೆಯನ್ನೋ ವಸ್ತುವನ್ನೋ ತಂದು ಒಪ್ಪಿಸಲಾರರು ಎಂದು ನಂಬಲು ಕಾರಣವಿದ್ದಾಗ, ಅದು ಯಾರ ಬಳಿ ಇದೆಯೆಂದೇ ಗೊತ್ತಿಲ್ಲದಾಗ, ಅಥವಾ ವಿಚಾರಣೆಗೆ ಸಾಮಾನ್ಯ ಶೋಧನೆಯೇ ಬೇಕೆನಿಸಿದಾಗ ನ್ಯಾಯಾಲಯ ಈ ಕಲಂ ಅಡಿ ವಾರಂಟ್ ಕೊಡಬಹುದು. ಕಳವಿನ ಮಾಲು, ಖೋಟಾ ನೋಟು, ಖೊಟ್ಟಿ ದಾಖಲೆ ಇಟ್ಟ ಜಾಗಕ್ಕೆ 97ನೇ ಕಲಂ, ಅಕ್ರಮವಾಗಿ ಕೂಡಿಹಾಕಿದ ವ್ಯಕ್ತಿಯನ್ನು ಹುಡುಕಲು 100ನೇ ಕಲಂ ಇದೆ. ಕೊನೆಯ ಎರಡರಲ್ಲಿ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ನ್ಯಾಯಾಧೀಶರಷ್ಟೇ ಅಲ್ಲದೆ ಜಿಲ್ಲಾಧಿಕಾರಿ ಮತ್ತು ಉಪವಿಭಾಗಾಧಿಕಾರಿಗೂ ದಂಡಾಧಿಕಾರಿಯಾಗಿ ವಾರಂಟ್ ಕೊಡುವ ಅಧಿಕಾರವಿದೆ. ಮಗಳನ್ನು ಕೂಡಿಹಾಕಿದ್ದಾರೆ ಎಂದು ದೂರುವ ತಂದೆ ಕೋರ್ಟಿಗೂ ಹೋಗಬಹುದು, ಉಪವಿಭಾಗಾಧಿಕಾರಿಯ ಕಚೇರಿಗೂ ಹೋಗಬಹುದು.

ಯಾವ ಕೋರ್ಟ್ ಎಂಬುದು ಊರಿನ ಮೇಲೆ ನಿಂತಿದೆ. ಕೊಪ್ಪಳ ಜಿಲ್ಲೆಯನ್ನೇ ತೆಗೆದುಕೊಂಡರೆ, ಹಿಟ್ನಾಳ ಕೊಪ್ಪಳ ತಾಲ್ಲೂಕಿನ ಹೋಬಳಿಯಾದ್ದರಿಂದ ಅಲ್ಲಿನ ಪೊಲೀಸ್ ಪ್ರಕರಣಗಳ ಕಾಗದ ಸಾಮಾನ್ಯವಾಗಿ ಕೊಪ್ಪಳದ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಬರುತ್ತದೆ. ಗಂಗಾವತಿ, ಕುಷ್ಟಗಿ, ಯಲಬುರ್ಗಾದವರಿಗೆ ಆಯಾ ಊರಿನಲ್ಲೇ ಜೆಎಂಎಫ್‌ಸಿ ನ್ಯಾಯಾಲಯವಿದೆ. ಅದಕ್ಕಿಂತ ಮೇಲೆ, ಇಡೀ ಜಿಲ್ಲೆಗೆ ಹೈಕೋರ್ಟಿನ ಧಾರವಾಡ ಪೀಠ. ಅದು 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಕಾಯಂ ಪೀಠವಾಯಿತು.

‘ನಂಬಲು ಕಾರಣವಿದೆ’ ಎಂಬ ಮಾತು ಕಲಂನಲ್ಲೇ ಇರುವುದರಿಂದ ಆ ಕಾರಣ ಕೋರ್ಟಿನ ಆದೇಶದಲ್ಲಿ ಕಾಣಬೇಕು. ಕುಟ್ಟನ್ ಪಿಳ್ಳೈ ಪ್ರಕರಣದಲ್ಲಿ (1980) ಸುಪ್ರೀಂ ಕೋರ್ಟ್ ವಾರಂಟ್ ಕೊಡುವಾಗ ವಿವೇಚನೆ ಬಳಸಿರಬೇಕೆಂಬುದನ್ನು ಒತ್ತಿ ಹೇಳಿತು. ಕರ್ನಾಟಕ ಹೈಕೋರ್ಟ್ 2021ರ ಮಾರ್ಚ್ 12ರಂದು ವೀರೇಂದ್ರ ಖನ್ನಾ ಪ್ರಕರಣದಲ್ಲಿ ಮೊಬೈಲ್ ಫೋನ್, ಕಂಪ್ಯೂಟರ್, ಇ-ಮೇಲ್ ಖಾತೆಗಳ ಶೋಧನೆಯನ್ನೂ ಇದೇ ಚೌಕಟ್ಟಿಗೆ ತಂದಿತು. ವಾರಂಟ್ ಕೇಳುವಾಗ ಏನನ್ನು, ಏಕೆ ಹುಡುಕಬೇಕಾಗಿದೆ ಎಂದು ಬರೆದಿರಬೇಕು. ತುರ್ತಿನಲ್ಲಿ ವಾರಂಟಿಲ್ಲದೆ ಶೋಧಿಸಿದರೂ ಕಾರಣವನ್ನು ದಾಖಲಿಸಿರಬೇಕು. ಅದಕ್ಕೂ ಮೊದಲು, 2019ರ ಡಿಸೆಂಬರ್‌ನಲ್ಲಿ ಕಲಬುರಗಿ ಪೀಠ ಕೆಳ ನ್ಯಾಯಾಲಯಗಳ ಹಳೆಯ ರೂಢಿಯೊಂದನ್ನು ಟೀಕಿಸಿತ್ತು. ಅಸಂಜ್ಞೇಯ ಅಪರಾಧಗಳ ತನಿಖೆಗೆ ಪೊಲೀಸರು ಅನುಮತಿ ಕೇಳಿದಾಗ ರಿಕ್ವಿಸಿಷನ್ನಿನ ಅಂಚಿನಲ್ಲಿ ‘ಅನುಮತಿಸಲಾಗಿದೆ’ ಎಂದಷ್ಟೇ ಗೀಚಿ ಸಹಿ ಹಾಕುವುದು ಸಲ್ಲದು, ಪತ್ರ ಯಾರಿಂದ ಹೇಗೆ ಬಂತು ಎಂದು ನಮೂದಿಸಿ ಬೇರೆ ಆದೇಶ ಹಾಳೆಯಲ್ಲಿ ಕಾರಣ ಬರೆಯಬೇಕು ಎಂದಿತು. ಆ ತೀರ್ಪು ತನಿಖೆಯ ಅನುಮತಿಗೆ ಸಂಬಂಧಿಸಿದ್ದು, ವಾರಂಟಿಗಲ್ಲ. ಆದರೂ ಮಟ್ಕಾ, ಇಸ್ಪೀಟು ಪ್ರಕರಣಗಳಲ್ಲಿ ವಕೀಲರು ಮೊದಲು ಹುಡುಕುವುದು ಈ ಹಾಳೆಯನ್ನೇ. ಒಂದು ಸಾಲಿನ ಷರಾ ಮಾತ್ರ ಇದ್ದರೆ ಅಲ್ಲೇ ಅರ್ಧ ವಾದ ಸಿದ್ಧವಾಗುತ್ತದೆ.

ಈ ಆದೇಶ ಹಾಳೆ ಮತ್ತು ರಿಕ್ವಿಸಿಷನ್ನಿನ ನಕಲು ಪಡೆಯುವ ದಾರಿ ಸಂಹಿತೆಯ 404ನೇ ಕಲಂನಲ್ಲಿದೆ (ಹಿಂದಿನ 363). ಕ್ರಿಮಿನಲ್ ನ್ಯಾಯಾಲಯದ ಆದೇಶದಿಂದ ಬಾಧಿತನಾದ ಯಾರೇ ಆಗಲಿ ಶುಲ್ಕ ಕಟ್ಟಿ ಆ ಆದೇಶದ ಅಥವಾ ಕಡತದ ಬೇರೆ ಭಾಗದ ದೃಢೀಕೃತ ನಕಲು ಕೇಳಬಹುದು. ಮನೆ ಶೋಧನೆಗೆ ಒಳಗಾದವನು ಬಾಧಿತ ಎಂಬುದರಲ್ಲಿ ಹೆಚ್ಚು ವಾದಕ್ಕೆ ಎಡೆಯಿಲ್ಲ. ವಾರಂಟ್ ಇನ್ನೂ ಜಾರಿಯಾಗದೆ ಇರುವಾಗ ನಕಲು ಸಿಗದಿರುವುದು ಸಹಜ. ಮುಂಚೆಯೇ ಸುಳಿವು ಸಿಕ್ಕರೆ ಮಾಲು ಊರು ಬಿಡುತ್ತದೆ. ಜಾರಿಯಾದ ಮೇಲೂ ‘ತನಿಖೆ ನಡೆಯುತ್ತಿದೆ’ ಎಂದು ನಿರಾಕರಿಸಿದರೆ ಆ ನಿರಾಕರಣೆಯನ್ನು ಹಿಂಬರಹವಾಗಿ ಪಡೆಯುವುದು ಒಳ್ಳೆಯದು. ಮೇಲಿನ ಕೋರ್ಟಿಗೆ ಹೋಗಬೇಕಾದಾಗ ಬಾಯಿಮಾತಿನ ‘ಇಲ್ಲ’ ಉಪಯೋಗಕ್ಕೆ ಬಾರದು.

ವಾರಂಟಿಲ್ಲದ ಶೋಧನೆ ಮತ್ತು ಉಚಿತ ನಕಲು

ತಾಲ್ಲೂಕು ಮಟ್ಟದಲ್ಲಿ ಬಹುಪಾಲು ಶೋಧನೆಗಳು ವಾರಂಟ್ ಇಲ್ಲದೆಯೇ ನಡೆಯುತ್ತವೆ. ತಡವಾದರೆ ವಸ್ತು ಕೈತಪ್ಪುತ್ತದೆ ಎಂದಾಗ ಠಾಣಾಧಿಕಾರಿ ಅಥವಾ ತನಿಖಾಧಿಕಾರಿ ತಾನೇ ಶೋಧಿಸಲು 185ನೇ ಕಲಂ (ಹಿಂದಿನ 165) ಅವಕಾಶ ಕೊಡುತ್ತದೆ. ಷರತ್ತೆಂದರೆ, ತನ್ನ ನಂಬಿಕೆಗೆ ಆಧಾರವನ್ನೂ ಹುಡುಕುವ ವಸ್ತು ಯಾವುದೆಂಬುದನ್ನೂ ಮೊದಲೇ ಬರೆದಿಡಬೇಕು. ಹೊಸ ಸಂಹಿತೆ ಇದನ್ನು ಕೇಸ್ ಡೈರಿಯಲ್ಲೇ ಬರೆಯಬೇಕು ಎಂದು ಸೇರಿಸಿದೆ.

ಅದೇ ಕಲಂನ 5ನೇ ಉಪಕಲಂ ಓದುಗರು ನೆನಪಿಡಬೇಕಾದ ಸಾಲು. ಈ ಬರಹದ ಪ್ರತಿಯನ್ನು ಕೂಡಲೇ, 48 ಗಂಟೆ ಮೀರದಂತೆ, ಅಪರಾಧದ ಸಂಜ್ಞಾನ ತೆಗೆದುಕೊಳ್ಳುವ ಅಧಿಕಾರವಿರುವ ಹತ್ತಿರದ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಶೋಧಿಸಿದ ಜಾಗದ ಮಾಲೀಕ ಅಥವಾ ಅಲ್ಲಿ ವಾಸವಿರುವವರು ಅರ್ಜಿ ಕೊಟ್ಟರೆ ಮ್ಯಾಜಿಸ್ಟ್ರೇಟರು ಅದರ ನಕಲನ್ನು ಉಚಿತವಾಗಿ ಕೊಡಬೇಕು. ಹಳೆಯ ಸಂಹಿತೆಯಲ್ಲಿ ‘ಕೂಡಲೇ’ ಎಂದಷ್ಟೇ ಇತ್ತು, ಗಂಟೆಗಳ ಮಿತಿ ಹೊಸದು. ಕೇಸ್ ಡೈರಿಯನ್ನು ನೋಡುವ ಹಕ್ಕು ಆರೋಪಿಗಿಲ್ಲವೆಂದು 192ನೇ ಕಲಂ ಹೇಳುತ್ತದೆ. ಆದರೆ ಅದೇ ಡೈರಿಯಲ್ಲಿ ಬರೆದ ಶೋಧನಾ ಕಾರಣದ ನಕಲು ಮನೆಯವನ ಕೈಗೆ ಹೋಗಬೇಕೆಂದು 185 ಹೇಳುತ್ತದೆ. ಎರಡನೆಯದು ನಿರ್ದಿಷ್ಟವಾಗಿ ಈ ಬರಹಕ್ಕೆಂದೇ ಇರುವ ನಿಯಮ. ಆದ್ದರಿಂದ ‘ಡೈರಿ ಗೋಪ್ಯ’ ಎಂಬ ಉತ್ತರ ಇಲ್ಲಿ ನಿಲ್ಲಬಾರದು. ಇನ್ನೊಂದು ಸೂಕ್ಷ್ಮವೂ ಇದೆ: ಈ ಹಕ್ಕು ಬಂದಿರುವುದು ಜಾಗದ ಮಾಲೀಕನಿಗೆ ಮತ್ತು ವಾಸಿಗೆ. ಅವರು ಆರೋಪಿಯಾಗಿರಬೇಕಿಲ್ಲ. ಬಾಡಿಗೆದಾರನ ಮೇಲೆ ಕೇಸಿದ್ದು ಮಾಲೀಕನ ಮನೆ ಶೋಧಿಸಿದ್ದರೆ ಇಬ್ಬರೂ ಕೇಳಬಹುದು.

ಕಾನೂನು ಇಷ್ಟು ಸ್ಪಷ್ಟವಾಗಿ ಕೊಟ್ಟ ಹಕ್ಕನ್ನು ಕೇಳುವವರೇ ಇಲ್ಲದಿರುವುದು ವಿಚಿತ್ರ. ಅರ್ಜಿ ಸರಳವಾದದ್ದು. ಕನ್ನಡದಲ್ಲೇ ಬರೆಯಬಹುದು, ವಕೀಲರೇ ಸಲ್ಲಿಸಬೇಕೆಂದಿಲ್ಲ. ಶೋಧನೆ ನಡೆದ ದಿನಾಂಕ, ಹೊತ್ತು, ಮನೆ ಸಂಖ್ಯೆ ಅಥವಾ ಸರ್ವೆ ನಂಬರು, ಬಂದ ಅಧಿಕಾರಿಯ ಹುದ್ದೆ ಮತ್ತು ಠಾಣೆ, ಗೊತ್ತಿದ್ದರೆ ಅಪರಾಧ ಸಂಖ್ಯೆ, ಅರ್ಜಿದಾರ ಮಾಲೀಕನೋ ವಾಸಿಯೋ ಎಂಬುದು, 185(5)ರ ಅಡಿ ಕೇಳುತ್ತಿರುವುದಾಗಿ ಒಂದು ಸಾಲು, ಇಷ್ಟಿದ್ದರೆ ಸಾಕು. ಮನೆಯ ಉತಾರ, ಕರೆಂಟು ಬಿಲ್ಲು ಅಥವಾ ಬಾಡಿಗೆ ಕರಾರಿನ ಪ್ರತಿ ಲಗತ್ತಿಸಿದರೆ ‘ನೀವ್ಯಾರು’ ಎಂಬ ಪ್ರಶ್ನೆ ಬರುವುದಿಲ್ಲ. 48 ಗಂಟೆಯೊಳಗೆ ಕೋರ್ಟಿಗೆ ಪ್ರತಿ ಬಂದೇ ಇಲ್ಲವೆಂದು ತಿಳಿದರೆ ಅದೂ ಒಂದು ಮಾಹಿತಿಯೇ. ಕಾರಣವನ್ನು ಶೋಧನೆಯ ಮೊದಲು ಬರೆದರೋ ಆಮೇಲೆ ಬರೆದರೋ ಎಂಬ ಸಂಶಯಕ್ಕೆ ಅದು ಆಧಾರವಾಗುತ್ತದೆ.

ಸ್ಥಳದಲ್ಲೇ ಸಿಗಬೇಕಾದ ಕಾಗದ ಬೇರೆ. 103ನೇ ಕಲಂ ಪ್ರಕಾರ ಆ ಪ್ರದೇಶದ ಕನಿಷ್ಠ ಇಬ್ಬರು ಸ್ವತಂತ್ರ, ಗೌರವಸ್ಥ ಪಂಚರ ಎದುರು ಶೋಧನೆ ನಡೆದು, ಸಿಕ್ಕ ವಸ್ತುಗಳ ಪಟ್ಟಿ ತಯಾರಾಗಿ, ಅವರ ಸಹಿಯಾಗಬೇಕು. ಮನೆಯವರಿಗೆ ಹಾಜರಿರಲು ಬಿಡಬೇಕು, ಪಟ್ಟಿಯ ಪ್ರತಿ ಕೊಡಬೇಕು. ಹೊಸ ಸಂಹಿತೆಯ 105ನೇ ಕಲಂ ಇಡೀ ಶೋಧನೆಯನ್ನು, ಪಟ್ಟಿ ಬರೆದು ಸಹಿ ಮಾಡುವುದನ್ನೂ ಸೇರಿಸಿ, ವಿಡಿಯೊ ಮಾಡಿ ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸುವುದನ್ನು ಕಡ್ಡಾಯ ಮಾಡಿದೆ. ಮೊಬೈಲಿನಲ್ಲಿ ತೆಗೆದರೂ ಸರಿ. ನಕಲು ಅರ್ಜಿಯಲ್ಲಿ ಈ ವಿಡಿಯೊವನ್ನೂ ಕೇಳಿಡಬಹುದು.

ಅಬಕಾರಿ ದಾಳಿಗೆ ಕರ್ನಾಟಕದ್ದೇ ಕಾಯ್ದೆಯಿದೆ, 1965ರದ್ದು. 53ನೇ ಕಲಂ ವಾರಂಟಿನ ಶೋಧನೆಗೆ, 54 ವಾರಂಟಿಲ್ಲದ್ದಕ್ಕೆ. ವಾರಂಟ್ ತರುವಷ್ಟರಲ್ಲಿ ಆರೋಪಿ ತಪ್ಪಿಸಿಕೊಳ್ಳುತ್ತಾನೆ ಅಥವಾ ಸಾಕ್ಷ್ಯ ಮುಚ್ಚಿಹೋಗುತ್ತದೆ ಎಂಬ ನಂಬಿಕೆಯ ಆಧಾರವನ್ನು ಬರೆದ ನಂತರವೇ ಒಳಗೆ ಕಾಲಿಡಬೇಕು. ಕಾರೊಂದರಲ್ಲಿ ಮದ್ಯ ಸಿಕ್ಕ ಕೆ.ಎಲ್. ಸುಬ್ಬಯ್ಯ ಪ್ರಕರಣದಲ್ಲಿ ಅಧಿಕಾರಿ ಹಾಗೆ ಏನನ್ನೂ ಬರೆದಿರಲಿಲ್ಲ. 1979ರಲ್ಲಿ ಸುಪ್ರೀಂ ಕೋರ್ಟ್ ಈ ಕಲಂಗಳು ನಾಗರಿಕರ ಸ್ವಾತಂತ್ರ್ಯದ ರಕ್ಷಣೆಗೆ ಇರುವಂಥವು ಎಂದು ಹೇಳಿ ಶಿಕ್ಷೆಯನ್ನು ರದ್ದುಮಾಡಿತು. ಹೆದ್ದಾರಿಯ ಪಕ್ಕದ ಢಾಬಾ, ಕಿರಾಣಿ ಅಂಗಡಿಗಳ ಮೇಲಿನ ದಾಳಿಗಳಲ್ಲಿ ಇಂದಿಗೂ ನೆರವಿಗೆ ಬರುವ ತೀರ್ಪು ಇದು. ಮಾದಕವಸ್ತು ಕಾಯ್ದೆಯ 42ನೇ ಕಲಂ ಇದೇ ಜಾಡಿನದು: ಬಂದ ಮಾಹಿತಿಯನ್ನು ಬರೆದುಕೊಂಡು 72 ಗಂಟೆಯೊಳಗೆ ಮೇಲಧಿಕಾರಿಗೆ ಪ್ರತಿ ಕಳಿಸಬೇಕು.

ಕಾನೂನೇ ಮುಚ್ಚಿಟ್ಟಿರುವ ಕಾರಣಗಳು

ಮೊದಲನೆಯದು ಮಾಹಿತಿದಾರನ ಗುರುತು. ಅಪರಾಧದ ಸುಳಿವು ಕೊಟ್ಟವರು ಯಾರೆಂದು ಹೇಳಲು ಪೊಲೀಸ್ ಅಧಿಕಾರಿಯನ್ನು ಬಲವಂತ ಮಾಡುವಂತಿಲ್ಲ ಎಂಬ ನಿಯಮ 1872ರ ಸಾಕ್ಷ್ಯ ಕಾಯ್ದೆಯ 125ನೇ ಕಲಂನಲ್ಲಿತ್ತು, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 131ಕ್ಕೆ ಬಂದಿದೆ. ಪಂಚನಾಮೆಗಳಲ್ಲಿ ‘ಖಚಿತ ಬಾತ್ಮಿ ಬಂದ ಮೇರೆಗೆ’ ಎಂಬ ಸಾಲು ಹೆಸರಿಲ್ಲದೆ ನಿಲ್ಲುವುದು ಇದರ ಬಲದಿಂದ. ಸುಳಿವು ಏನಿತ್ತು ಎಂಬುದನ್ನು ಮಾತ್ರ ಈ ಕಲಂ ಮುಚ್ಚುವುದಿಲ್ಲ. ಲೈಂಗಿಕ ಅಪರಾಧದ ಸಂತ್ರಸ್ತೆಯ ಹೆಸರು, ಮಕ್ಕಳ ಗುರುತು ಸಹ ಯಾವ ನಕಲಿನಲ್ಲೂ ಬಯಲಾಗಬಾರದು.

ಆದಾಯ ತೆರಿಗೆ ದಾಳಿಯ ಕಥೆ ಬೇರೆ. 1961ರ ಕಾಯ್ದೆಯ 132ನೇ ಕಲಂಗೆ 2017ರ ಹಣಕಾಸು ಕಾಯ್ದೆ ಒಂದು ವಿವರಣೆ ಸೇರಿಸಿತು. ನಂಬಿಕೆಯ ಕಾರಣವನ್ನು ಯಾವ ವ್ಯಕ್ತಿಗೂ, ಪ್ರಾಧಿಕಾರಕ್ಕೂ, ಮೇಲ್ಮನವಿ ನ್ಯಾಯಮಂಡಳಿಗೂ ತಿಳಿಸಬೇಕಿಲ್ಲ ಎಂಬುದು ಅದರ ಸಾರ. ಅದನ್ನು 1962ರ ಏಪ್ರಿಲ್ 1ರಿಂದಲೇ ಇದ್ದಂತೆ ಹಿಂದಕ್ಕೆ ಅನ್ವಯಿಸಲಾಯಿತು. ಐವತ್ತೈದು ವರ್ಷ ಹಿಂದಕ್ಕೆ ಹೋಗಿ ಹಾಕಿದ ಬೀಗ ಎಂದರೂ ತಪ್ಪಲ್ಲ. ದಾಳಿಗೆ ಬಂದವರು ವಾರಂಟ್ ತೋರಿಸುತ್ತಾರೆ, ಅದರ ಹಿಂದಿನ ಕಾರಣಗಳ ಟಿಪ್ಪಣಿಯನ್ನು ತೋರಿಸುವುದಿಲ್ಲ. ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್ ರಿಟ್ ಅಧಿಕಾರದಲ್ಲಿ ಆ ಟಿಪ್ಪಣಿಯನ್ನು ತರಿಸಿ ನೋಡಬಹುದು. 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇದೇ ಕಲಂ ಕುರಿತು, ಕಾರಣ ಇದೆಯೇ ಎಂದು ಕೋರ್ಟ್ ಪರಿಶೀಲಿಸಬಹುದು, ಅದು ಸಾಕಷ್ಟಿದೆಯೇ ಎಂದು ತೂಗಲು ಹೋಗಬಾರದು ಎಂದಿತು.

ಮುಚ್ಚಿದ ಲಕೋಟೆ ಎಂಬ ಮಾತು ನೇರವಾಗಿ ಇರುವುದು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ, 2002ರಲ್ಲಿ. ಅದರ 17ನೇ ಕಲಂ ಪ್ರಕಾರ ಜಾರಿ ನಿರ್ದೇಶನಾಲಯದ (ಇ.ಡಿ.) ಅಧಿಕಾರಿ ಕಾರಣ ಬರೆದು ಶೋಧಿಸಿ, ಮುಗಿದ ಕೂಡಲೇ ಆ ಕಾರಣ ಮತ್ತು ಅದಕ್ಕೆ ಆಧಾರವಾದ ದಾಖಲೆಗಳನ್ನು ಸೀಲ್ ಮಾಡಿದ ಲಕೋಟೆಯಲ್ಲಿ ನ್ಯಾಯನಿರ್ಣಯ ಪ್ರಾಧಿಕಾರಕ್ಕೆ ಕಳಿಸಬೇಕು. ಲಕೋಟೆಯ ಉದ್ದೇಶದಲ್ಲಿ ಎರಡು ಬದಿಗಳಿವೆ. ಒಂದು ಗೋಪ್ಯತೆ. ಇನ್ನೊಂದು, ಕಾರಣವನ್ನು ಆಮೇಲೆ ತಿದ್ದಲು ಆಗದಂತೆ ಅಂದೇ ಬೇರೆಯವರ ವಶಕ್ಕೆ ಕೊಡುವುದು. ಎರಡನೆಯದು ಶೋಧನೆಗೆ ಒಳಗಾದವನಿಗೇ ಅನುಕೂಲ. ವಶಪಡಿಸಿಕೊಂಡದ್ದನ್ನು ಉಳಿಸಿಕೊಳ್ಳಲು ಇಲಾಖೆ 30 ದಿನದೊಳಗೆ ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕು, ಆ ಹಂತದಲ್ಲಿ ನೋಟಿಸ್ ಬರುತ್ತದೆ, ಕಾರಣಗಳ ಪ್ರತಿಯನ್ನು ಅಲ್ಲಿ ಕೇಳಬೇಕು. 2022ರ ಜುಲೈ 27ರ ವಿಜಯ್ ಮದನ್‌ಲಾಲ್ ತೀರ್ಪು ಇ.ಡಿ.ಯ ಒಳ ದಾಖಲೆಯಾದ ಇಸಿಐಆರ್ ಪ್ರತಿಯನ್ನು ಕೊಡಲೇಬೇಕೆಂದಿಲ್ಲ ಎಂದಿತು. ಬಂಧನವಾದರೆ ಲೆಕ್ಕ ಬದಲಾಗುತ್ತದೆ: 2023ರ ಅಕ್ಟೋಬರ್ 3ರ ಪಂಕಜ್ ಬನ್ಸಲ್ ತೀರ್ಪಿನ ನಂತರ ಬಂಧನದ ಆಧಾರವನ್ನು ಲಿಖಿತವಾಗಿ ಕೊಡಲೇಬೇಕು.

ಲೋಕಾಯುಕ್ತ ಪೊಲೀಸರ ದಾಳಿಯಲ್ಲಿ ಕಾಗದಗಳ ಸರಣಿ ಹೀಗಿರುತ್ತದೆ: ನೌಕರನ ಆಸ್ತಿ-ಆದಾಯದ ಲೆಕ್ಕ ಹಾಕಿದ ಮೂಲ ವರದಿ, ಅದರ ಮೇಲೆ ಎಸ್‌ಪಿ ದರ್ಜೆಯ ಅಧಿಕಾರಿಯ ಆದೇಶ, ಎಫ್‌ಐಆರ್, ಆಮೇಲೆ ಕೋರ್ಟಿನಿಂದ ಶೋಧನಾ ವಾರಂಟ್. ಮೂಲ ವರದಿ ವಿವರವಾಗಿದ್ದರೆ ಪ್ರಾಥಮಿಕ ವಿಚಾರಣೆ ಬೇರೆ ಬೇಕಿಲ್ಲ ಎಂದು ಕರ್ನಾಟಕದ್ದೇ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2025ರ ಫೆಬ್ರವರಿ 17ರಂದು ಹೇಳಿತು. ಹೀಗಾಗಿ ಈಗ ಈ ವರದಿಯ ಗುಣಮಟ್ಟವೇ ಜಗಳದ ಕೇಂದ್ರ. ವರದಿ ಎಫ್‌ಐಆರ್ ಜೊತೆ ಲಗತ್ತಾಗಿದ್ದರೆ ನಕಲು ಸುಲಭವಾಗಿ ಸಿಗುತ್ತದೆ. 1984ರ ಲೋಕಾಯುಕ್ತ ಕಾಯ್ದೆಯ 10ನೇ ಕಲಂನಲ್ಲಿ ಲೋಕಾಯುಕ್ತರಿಗೇ ವಾರಂಟ್ ಕೊಡುವ ಅಧಿಕಾರವೂ ಇದೆ. ಆ ದಾರಿ ದೂರಿನ ವಿಚಾರಣೆಗೆ ಸಂಬಂಧಿಸಿದ್ದು.

ದೋಷಾರೋಪ ಪಟ್ಟಿಯ ನಂತರ

ತನಿಖೆ ಮುಗಿದು ಪಟ್ಟಿ ಸಲ್ಲಿಕೆಯಾದ ಮೇಲೆ ಗೋಪ್ಯತೆಯ ವಾದ ಬಹುಮಟ್ಟಿಗೆ ಸೊರಗುತ್ತದೆ. ನಾಗರಿಕ ಸುರಕ್ಷಾ ಸಂಹಿತೆಯ 230ನೇ ಕಲಂ ಪ್ರಕಾರ ಆರೋಪಿ ಹಾಜರಾದ 14 ದಿನದೊಳಗೆ ಪೊಲೀಸ್ ವರದಿ, ಎಫ್‌ಐಆರ್, ಹೇಳಿಕೆಗಳು, ದಾಖಲೆಗಳು ಉಚಿತವಾಗಿ ಸಿಗಬೇಕು. ಯಾವುದಾದರೂ ಹೇಳಿಕೆಯ ಒಂದು ಭಾಗ ಬಹಿರಂಗವಾಗಬಾರದೆಂದು ಪೊಲೀಸರಿಗೆ ಅನಿಸಿದರೆ 193ನೇ ಕಲಂನ 7ನೇ ಉಪಕಲಂ ಅಡಿ ಕಾರಣ ಕೊಟ್ಟು ಮ್ಯಾಜಿಸ್ಟ್ರೇಟರನ್ನು ಕೇಳಬೇಕು. ಭಾರತದ ಸಾಮಾನ್ಯ ಕ್ರಿಮಿನಲ್ ಕಾನೂನಿನಲ್ಲಿ ಸೀಲಿಂಗ್ ಎನ್ನಬಹುದಾದ ವ್ಯವಸ್ಥೆಗೆ ಅತಿ ಹತ್ತಿರದ್ದು ಇದು. ಆ ಭಾಗವನ್ನು ಓದಿ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವವರು ಮ್ಯಾಜಿಸ್ಟ್ರೇಟರು, ಪೊಲೀಸರಲ್ಲ. ವಶಪಡಿಸಿಕೊಂಡರೂ ಪ್ರಾಸಿಕ್ಯೂಷನ್ ಆಧರಿಸದ ದಾಖಲೆಗಳ ಪಟ್ಟಿಯನ್ನೂ ಆರೋಪಿಗೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ನಿರ್ದೇಶಿಸಿತು. 2025ರ ಮೇ 7ರ ಸರಳಾ ಗುಪ್ತಾ ತೀರ್ಪು ಇದನ್ನು ಇ.ಡಿ. ಪ್ರಕರಣಗಳಿಗೂ ವಿಸ್ತರಿಸಿತು.

ಕೋರ್ಟಿಗೆ ಮುಚ್ಚಿದ ಲಕೋಟೆ ಕೊಡುವ ಅಭ್ಯಾಸದ ಬಗ್ಗೆ ಸುಪ್ರೀಂ ಕೋರ್ಟಿನ ಧ್ವನಿ ಈಚೆಗೆ ಗಡುಸಾಗಿದೆ. 2019ರ ಡಿಸೆಂಬರ್ 4ರ ಚಿದಂಬರಂ ಜಾಮೀನು ತೀರ್ಪು, ಲಕೋಟೆಯೊಳಗಿನ ಆರೋಪವನ್ನೇ ನ್ಯಾಯಾಧೀಶರು ತಮ್ಮ ನಿರ್ಣಯವೆಂಬಂತೆ ಬರೆಯಬಾರದು ಎಂದಿತು. ಮೀಡಿಯಾ ಒನ್ ವಾಹಿನಿಯ ಪ್ರಕರಣದಲ್ಲಿ, 2023ರ ಏಪ್ರಿಲ್ 5ರಂದು, ಲಕೋಟೆ ಪದ್ಧತಿ ಸಹಜ ನ್ಯಾಯಕ್ಕೆ ವಿರುದ್ಧ, ಗೋಪ್ಯ ಭಾಗಕ್ಕೆ ಮಸಿ ಬಳಿದು ಉಳಿದದ್ದನ್ನು ಕೊಡುವಂಥ ಕಡಿಮೆ ಕಠೋರ ದಾರಿಗಳನ್ನು ನೋಡಬೇಕು ಎಂದಿತು. ನಕಲು ಅರ್ಜಿ ತಿರಸ್ಕೃತವಾದಾಗ ‘ಪೂರ್ತಿ ಆಗದಿದ್ದರೆ ಹೆಸರು ಅಳಿಸಿದ ಪ್ರತಿಯನ್ನಾದರೂ ಕೊಡಿ’ ಎಂದು ಕೇಳಲು ಈ ತೀರ್ಪು ಬಲ ಕೊಡುತ್ತದೆ.

ಹೋಲಿಕೆಗೆ ಟೆಕ್ಸಾಸ್ ರಾಜ್ಯದ ಕ್ರಮ ನೋಡಬಹುದು. ಅಲ್ಲಿ ವಾರಂಟ್ ಜಾರಿಯಾದ ಕೂಡಲೇ ಅಫಿಡವಿಟ್ ಸಾರ್ವಜನಿಕ ದಾಖಲೆ. ಸಾಕ್ಷಿಯ ಜೀವಕ್ಕೆ ಅಪಾಯ, ಸಾಕ್ಷ್ಯನಾಶ ಮುಂತಾದ ಬಲವಾದ ಕಾರಣ ತೋರಿಸಿದರೆ ನ್ಯಾಯಾಧೀಶರು ಅದನ್ನು 30 ದಿನ ಮುಚ್ಚಿಡಬಹುದು, ಒಮ್ಮೆ ಮಾತ್ರ ಇನ್ನೂ 30 ದಿನ ವಿಸ್ತರಿಸಬಹುದು. ವಾರಂಟ್ ಮತ್ತು ವಶಪಡಿಸಿದ ವಸ್ತುಗಳ ಪಟ್ಟಿಯನ್ನು ಮುಚ್ಚುವಂತಿಲ್ಲ. 2022ರ ಆಗಸ್ಟ್‌ನಲ್ಲಿ ಟ್ರಂಪ್ ಅವರ ಫ್ಲಾರಿಡಾ ನಿವಾಸದ ಶೋಧನೆಯ ಅಫಿಡವಿಟ್ ಮಸಿ ಬಳಿದ ಪುಟಗಳೊಂದಿಗೆ ಹೊರಬಂದದ್ದು ಅಮೆರಿಕದ ಫೆಡರಲ್ ಕೋರ್ಟಿನಿಂದ. ಭಾರತದಲ್ಲಿ ಇಂಥ ದಿನಗಣನೆ ಇಲ್ಲದಿರುವುದೇ ದೊಡ್ಡ ಕೊರತೆ. ಗೋಪ್ಯತೆ ಯಾವಾಗ ಮುಗಿಯುತ್ತದೆ ಎಂದು ಹೇಳುವ ಕಲಂ ಇದ್ದಿದ್ದರೆ ಅರ್ಧ ಅರ್ಜಿಗಳು ಬೇಕಾಗುತ್ತಿರಲಿಲ್ಲ.

ಪ್ರಕರಣಕ್ಕೆ ಸಂಬಂಧಪಡದ ಪತ್ರಕರ್ತ ಅಥವಾ ಊರಿನವರಿಗೆ ದಾರಿ ಕಿರಿದು. ಎಫ್‌ಐಆರ್ ಮಾತ್ರ, ಸೂಕ್ಷ್ಮ ಪ್ರಕರಣ ಬಿಟ್ಟು, ಪೊಲೀಸ್ ಜಾಲತಾಣದಲ್ಲಿ 24 ಗಂಟೆಯೊಳಗೆ ಬರಬೇಕೆಂದು 2016ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ದೋಷಾರೋಪ ಪಟ್ಟಿಯನ್ನು ಹಾಗೆ ಹಾಕಬೇಕಿಲ್ಲವೆಂದು 2023ರ ಜನವರಿಯಲ್ಲಿ ಅದೇ ಕೋರ್ಟ್ ಹೇಳಿತು. ಕೋರ್ಟಿನ ಕಡತವನ್ನು ಮಾಹಿತಿ ಹಕ್ಕಿನಡಿ ಕೇಳುವಂತಿಲ್ಲ, ಕೋರ್ಟಿನ ನಕಲು ನಿಯಮದಡಿಯೇ ಅರ್ಜಿ ಹಾಕಬೇಕು ಎಂಬುದು 2020ರ ಮಾರ್ಚ್‌ನ ತೀರ್ಪು. ಮೂರನೆಯವರು ಕೇಳುವಾಗ ತಮಗೇಕೆ ಬೇಕೆಂದು ಕಾರಣ ಕೊಡಬೇಕಾಗುತ್ತದೆ.

ನಕಲು ಕೈಗೆ ಬಂದು, ಕಾರಣ ಬರೆದೇ ಇಲ್ಲ ಅಥವಾ ಪೊಳ್ಳಾಗಿದೆ ಎಂದು ಕಂಡರೆ ಮುಂದಿನ ಪ್ರಶ್ನೆ ಅದರಿಂದ ಆಗುವುದೇನು ಎಂಬುದು. ಶೋಧನೆ ಅಕ್ರಮವಾದರೂ ಸಿಕ್ಕ ವಸ್ತು ಸಾಕ್ಷ್ಯವಾಗಬಹುದೆಂದು ಪೂರಣ್‌ಮಲ್ ತೀರ್ಪು 1973ರಲ್ಲೇ ಹೇಳಿದೆ, ಆದ್ದರಿಂದ ಕೇಸು ತಾನಾಗಿ ಬೀಳುತ್ತದೆಂಬ ಭರವಸೆ ಬೇಡ. ಅಬಕಾರಿ ಮತ್ತು ಮಾದಕವಸ್ತು ಪ್ರಕರಣಗಳಲ್ಲಿ ದೋಷದ ತೂಕ ಹೆಚ್ಚು. ಉಳಿದವುಗಳಲ್ಲಿ ಅದು ಪಂಚರ ಪಾಟೀ ಸವಾಲಿನಲ್ಲಿ, ಜಾಮೀನಿನ ವಾದದಲ್ಲಿ, ಸಂಹಿತೆಯ 528ನೇ ಕಲಂ ಅಡಿ ಧಾರವಾಡ ಪೀಠದಲ್ಲಿ ರದ್ದತಿ ಕೋರುವಾಗ ಕೆಲಸಕ್ಕೆ ಬರುತ್ತದೆ. ಲಾರಿ, ಬೈಕು, ಫೋನು, ಅಕ್ಕಿ ಚೀಲ ಬಿಡಿಸಿಕೊಳ್ಳಲು ಈ ಜಗಳ ಮುಗಿಯುವವರೆಗೆ ಕಾಯಬೇಕಿಲ್ಲ. 497 ಮತ್ತು 503ನೇ ಕಲಂಗಳಡಿ ಮ್ಯಾಜಿಸ್ಟ್ರೇಟರಿಗೆ ಬೇರೆ ಅರ್ಜಿ ಹಾಕಬಹುದು. ವಕೀಲರ ಖರ್ಚು ಭರಿಸಲಾಗದವರಲ್ಲಿ ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು ಮತ್ತು ಬಂಧನದಲ್ಲಿರುವವರಿಗೆ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಆದಾಯ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ. ಕೊಪ್ಪಳದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲೋ ತಾಲ್ಲೂಕು ಸೇವಾ ಸಮಿತಿಯಲ್ಲೋ ಅದಕ್ಕೆ ಅರ್ಜಿ ಕೊಡಬೇಕು.